ಭಾನುವಾರ ಬರಬೇಡಿ

ಓದುಗರ ಪತ್ರ: "ಸಂಪಾದಕರೇ, ನಾನು ಡೊಂಬಿವಲಿಯವಳು. 35 ವರ್ಷಕ್ಕೂ ಹಿಂದೆ, ಮದುವೆಗೆ ಮೊದಲು, ಮುಂಬೈಯಲ್ಲೇ ನನಗೊಂದು ಗಂಡುಮಗು ಆಯಿತು. ದೊಡ್ಡವರು ಸೇರಿ ಪುಣೆಯ ಒಂದು ಸಂಸ್ಥೆಗೆ ಕೊಟ್ಟರು. ಮರಾಠಿ ಕಾಗದಕ್ಕೆ ಕನ್ನಡದಲ್ಲಿ ಸಹಿ ಹಾಕಿದೆ. ಲಂಡನ್ನಿನಲ್ಲಿರುವ ಅಕ್ಕನ ಸೊಸೆ ಮೊನ್ನೆ ಏನೋ ಮಾತಿಗೆ, ಅಲ್ಲಿ ದತ್ತು ಹೋದವರೂ ಹೆತ್ತವರೂ ಹೆಸರು ಬರೆಸುವ ರಿಜಿಸ್ಟರ್ ಇದೆ ಎಂದಳು. ನನ್ನ ವಿಷಯ ಅವಳಿಗೆ ಗೊತ್ತಿಲ್ಲ. ನಮ್ಮಲ್ಲೂ ಅಂಥದ್ದು ಇದೆಯಾ? ನಾನೇ ಅವನನ್ನು ಹುಡುಕಬಹುದಾ? ಅವನಾಗಿ ಬಂದರೆ ಬೇಡ ಎನ್ನಲಾರೆ, ಆದರೆ ಮನೆಗೆ ಬರುವುದು ಬೇಡ. ಉತ್ತರ ಪತ್ರಿಕೆಯಲ್ಲೇ ಕೊಡಿ. ಮನೆಗೆ ಕಾಗದ ಬೇಡ, ಫೋನೂ ಬೇಡ." (ಹೆಸರು ಬೇಡ)

ಸಂಪಾದಕರ ಉತ್ತರ:

ಅಕ್ಕಾ, ಮೊದಲು ಒಂದು ಮಾತು. ನಿಮ್ಮ ಕಾಗದದಲ್ಲಿ ವರ್ಷ, ಆಸ್ಪತ್ರೆ, ಸಂಸ್ಥೆಯ ಹೆಸರು ಎಲ್ಲ ಇತ್ತು. ಅಚ್ಚಿಗೆ ಕೊಡುವ ಮೊದಲು ನಾನೇ ಕೂತು ತೆಗೆದಿದ್ದೇನೆ. ಮುಂದೆ ಯಾರಿಗಾದರೂ ಬರೆಯುವಾಗ ಅಷ್ಟೊಂದು ಬರೆಯಬೇಡಿ. ಮುಂಬೈ ಕನ್ನಡಿಗರ ಲೋಕ ಎಷ್ಟು ಚಿಕ್ಕದು ಅಂತ ನಿಮಗೆ ಹೇಳಬೇಕಾ? ಥಾಣೆಯಲ್ಲಿ ಸೀನಿದರೆ ವಾಶಿಯಲ್ಲಿ ಯಾರೋ ಕಷಾಯ ಕುದಿಸುತ್ತಾರೆ.

ಈಗ ನಿಮ್ಮ ಪ್ರಶ್ನೆ. ಎರಡೂ ಕಡೆಯವರು ತಾವಾಗಿ ಬಂದು ಹೆಸರು ಬರೆಸಿ, ಹೊಂದಿಕೆಯಾದರೆ ಸರ್ಕಾರವೇ ಸುದ್ದಿ ಮುಟ್ಟಿಸುವಂಥ ರಿಜಿಸ್ಟರ್ ನಮ್ಮಲ್ಲಿಲ್ಲ.

ಅಕ್ಕನ ಸೊಸೆ ಹೇಳಿದ್ದು ನಿಜ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರಿಂದ ಅಂಥದ್ದೊಂದು ನಡೆಯುತ್ತಿದೆ. ಜನನ ಮರಣ ದಾಖಲೆ ಇಡುವ ಕಚೇರಿಯೇ ಅದನ್ನು ನೋಡಿಕೊಳ್ಳುತ್ತದೆ. ಒಂದು ಭಾಗ ದತ್ತು ಹೋದವರಿಗೆ, ಇನ್ನೊಂದು ಹೆತ್ತ ಕಡೆಯ ಬಂಧುಗಳಿಗೆ. 18 ತುಂಬಿರಬೇಕು. ಎರಡೂ ಕಡೆ ಹೆಸರಿದ್ದು ತಾಳೆಯಾದರೆ ಬಂಧುವಿನ ವಿಳಾಸ ದತ್ತು ಹೋದವರ ಕೈಗೆ ಹೋಗುತ್ತದೆ, ಮುಂದಿನದು ಅವರಿಗೆ ಬಿಟ್ಟಿದ್ದು. ನನಗೆ ಇದರಲ್ಲಿ ಹಿಡಿಸಿದ್ದು ಬೇರೆ ಸಂಗತಿ. ಅಲ್ಲಿ ಹೋಗಿ "ನನಗೆ ಸಂಪರ್ಕ ಬೇಡ" ಅಂತಲೂ ಬರೆಸಬಹುದು. ಇಂಥವರು ಬೇಕು, ಇಂಥವರು ಬೇಡ ಅಂತಲೂ ಬರೆಸಬಹುದು. ಬೇಡ ಎನ್ನುವುದಕ್ಕೂ ಒಂದು ಕಾಲಂ ಇದೆ, ನೋಡಿ.

ಆದರೆ ಆ ರಿಜಿಸ್ಟರ್ ನಿಮಗೆ ಉಪಯೋಗಕ್ಕೆ ಬರಲ್ಲ. ಅಲ್ಲೇ ಜನನ ದಾಖಲಾಗಿ ಅಲ್ಲೇ ದತ್ತು ಹೋದವರಿಗೆ ಅದು. ನಿಮ್ಮ ಮಗ ಹುಟ್ಟಿದ್ದು ಮುಂಬೈಯಲ್ಲಿ. ಹಾಗಾಗಿ ಸೊಸೆಯ ಹತ್ತಿರ ಬಾಯಿ ಬಿಡಬೇಕಾ ಅನ್ನೋ ಚಿಂತೆ ಇದ್ದರೆ, ಈ ಕಾರಣಕ್ಕಂತೂ ಬೇಕಾಗಿಲ್ಲ.

ನಮ್ಮಲ್ಲಿ ಇರುವುದು ಒಂದೇ ಕಡೆಯಿಂದ ತೆರೆಯುವ ಬಾಗಿಲು. ದೆಹಲಿಯಲ್ಲಿ ಕಾರಾ ಅಂತ ಕೇಂದ್ರ ದತ್ತು ಪ್ರಾಧಿಕಾರ ಇದೆ. ಅದರ 2022ರ ನಿಯಮಗಳಲ್ಲಿ 'ಮೂಲ ಶೋಧ' ಅಂತ ಒಂದು ಭಾಗವಿದೆ, ಕಚೇರಿಯವರ ಬಾಯಲ್ಲಿ ರೂಟ್ ಸರ್ಚ್. ದತ್ತು ಹೋದವರಿಗೆ 18 ತುಂಬಿದ್ದರೆ ತಾವೇ ಅರ್ಜಿ ಹಾಕಬಹುದು, ತುಂಬಿಲ್ಲದಿದ್ದರೆ ಸಾಕಿದ ಅಪ್ಪ ಅಮ್ಮನ ಜೊತೆ ಸೇರಿ. ಹೆತ್ತವರು ಮಗುವನ್ನು ಹುಡುಕಲು ಈ ನಿಯಮದಲ್ಲಿ ದಾರಿಯಿಲ್ಲ. ನಿಮ್ಮ ಎರಡನೇ ಪ್ರಶ್ನೆಗೂ ಇದೇ ಉತ್ತರ, ಓದಿ ಬೇಜಾರಾಗುತ್ತದೆ, ಗೊತ್ತು. ಅದೇ ನಿಯಮ ನಿಮ್ಮನ್ನೂ ಸ್ವಲ್ಪ ಕಾಯುತ್ತದೆ: ಮಗುವಿನ ಹಕ್ಕು ಹೆತ್ತವರ ಖಾಸಗಿತನವನ್ನು ಮುರಿಯಬಾರದು, ಮೂರನೆಯವರು ಹೋಗಿ ಹುಡುಕುವಂತಿಲ್ಲ, ಹೆಸರು ಗುಟ್ಟಾಗಿರಲಿ ಎಂದು ಹೆತ್ತವರು ಕೇಳಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ, ಅಥವಾ ಸಿಗದೇ ಹೋದರೆ, ಯಾವ ಕಾರಣಕ್ಕೆ ಯಾವ ಪರಿಸ್ಥಿತಿಯಲ್ಲಿ ಮಗುವನ್ನು ಒಪ್ಪಿಸಿದರು ಎಂಬುದನ್ನು ಬಂದವರಿಗೆ ತಿಳಿಸಬೇಕು.

ಆ 'ಕಾರಣ'ದ ಹತ್ತಿರ ಸ್ವಲ್ಪ ನಿಲ್ಲೋಣ. ನಿಮ್ಮ ಫೈಲಿನಲ್ಲಿ ಅದನ್ನು ಬರೆದವರು ಯಾರು? ನೀವಂತೂ ಅಲ್ಲ. ನಿಮಗೆ ಓದಲು ಬರದ ಭಾಷೆಯಲ್ಲಿ ಇನ್ಯಾರೋ ಒಂದು ಸಾಲು ಗೀಚಿರುತ್ತಾರೆ. ಅವನು ನಾಳೆ ಬಂದರೆ ಅವನಿಗೆ ಸಿಗುವುದು ಆ ಒಂದು ಸಾಲು.

ಇವತ್ತು ಮಗುವನ್ನು ಒಪ್ಪಿಸುವವರು ಸಹಿ ಹಾಕುವ ಕಾಗದದಲ್ಲಿ, ಮಗು ಮುಂದೆ ಮೂಲ ಹುಡುಕಿ ಬಂದರೆ ನನ್ನ ಹೆಸರು ವಿಳಾಸ ತಿಳಿಸಬಹುದು ಅಥವಾ ತಿಳಿಸಬಾರದು ಅಂತ ಟಿಕ್ ಹಾಕುವ ಒಂದು ಸಾಲಿದೆ. ಮನಸ್ಸು ಬದಲಾಯಿಸಿ ಮಗುವನ್ನು ವಾಪಸ್ ಪಡೆಯಲು 60 ದಿನ ಕೊಡುತ್ತಾರೆ. ಟಿಕ್ ಬದಲಾಯಿಸಲು ಎಷ್ಟು ದಿನ ಅಂತ ಆ ಕಾಗದದಲ್ಲಿ ಇಲ್ಲ. ಬಾಣಂತಿ ಮೈಯಲ್ಲಿ, ಸುತ್ತ ನಾಲ್ಕು ಜನ ದೊಡ್ಡವರು ನಿಂತಿರುವಾಗ ಹತ್ತೊಂಬತ್ತರ ಹುಡುಗಿ ಹಾಕಿದ ಟಿಕ್ ಅವಳಿಗೆ 60 ಆದಾಗಲೂ ಅವಳ ಮನಸ್ಸೇ ಅಂತ ಹೇಗೆ ಹೇಳುವುದು? ನ್ಯೂಜಿಲೆಂಡಿನವರು 1985ರ ಕಾನೂನಿನಲ್ಲಿ ಇದನ್ನು ಚೆನ್ನಾಗಿ ಯೋಚಿಸಿದ್ದರು. ಹಳೆಯ ದತ್ತುಗಳಲ್ಲಿ "ಬೇಡ" ಎಂದು ಬರೆಸುವ ಅವಕಾಶ ಕೊಟ್ಟರು, ಆದರೆ ಆ ಬೇಡಕ್ಕೆ ಹತ್ತೇ ವರ್ಷ ಆಯಸ್ಸು. ಬೇಕಿದ್ದರೆ ಮತ್ತೆ ಬಂದು ಬರೆಸಿ. ಹತ್ತು ವರ್ಷಕ್ಕೊಮ್ಮೆ ಮನುಷ್ಯನನ್ನು ಕೇಳಬೇಕು ಅಲ್ವಾ?

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

ಸುಮಾರು 20 ವರ್ಷದ ಹಿಂದೆ ಡೆನ್ಮಾರ್ಕಿನಲ್ಲಿ ಬೆಳೆದ ಒಬ್ಬ ಹುಡುಗಿ ಮುಂಬೈಗೆ ಬಂದಿದ್ದಳು. ಅವಳ ಫೈಲಿನಲ್ಲಿ ತಾಯಿಯ ಭಾಷೆ ಕನ್ನಡ ಅಂತ ಇತ್ತು. ಇಲ್ಲಿನ ಒಂದು ಸಂಸ್ಥೆ (ಹೆಸರು ಬೇಡ) ತಾಯಿಯನ್ನು ಒಂದು ಮಾತು ಕೇಳದೆ ಹಳೆಯ ವಿಳಾಸ ಬರೆದು ಅವಳ ಕೈಗೆ ಕೊಟ್ಟಿತ್ತು. ಭಾಷೆಗೆ ಒಬ್ಬರು ಬೇಕು ಎಂದು ಯಾರೋ ನನ್ನ ಹೆಸರು ಹೇಳಿದರು. ನನಗೋ, ಪುಣ್ಯದ ಕೆಲಸ ಅನ್ನೋ ಹುಮ್ಮಸ್ಸು. ಭಾನುವಾರ ರಜಾ ಇತ್ತು, ಹೊರಟೆವು.

ಘಾಟ್ಕೋಪರಿನ ಒಂದು ಚಾಳ್. ಮೆಟ್ಟಿಲ ಬಳಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಯಾರು ಬೇಕು ಅಂತ ಕೇಳಿದಳು. ಎಲ್‌ಐಸಿಯವರು ಎಂದೆ, ಬಾಯಿಗೆ ಬಂದದ್ದು ಅದೇ. ಎರಡನೇ ಮಾಳಿಗೆಯ ಬಾಗಿಲಲ್ಲಿ ಒಬ್ಬರು ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದರು. ಒಳಗೆ ಟಿವಿ ಜೋರಾಗಿತ್ತು, ಯಾರೋ ಕೆಮ್ಮಿದರು, ಇಬ್ಬರು ಮಕ್ಕಳು ಜಗಳ ಆಡುತ್ತಿದ್ದರು. ನಾನು ಮೆಲ್ಲಗೆ ಕನ್ನಡದಲ್ಲಿ, ಇವಳು ಯಾರು, ಎಲ್ಲಿಂದ ಬಂದಳು ಅಂತ ಎರಡೇ ವಾಕ್ಯ ಹೇಳಿದೆ. ಅವರು ಹುಡುಗಿಯ ಮುಖ ನೋಡಿದರು. ಕೈ ಮಾತ್ರ ನಿಲ್ಲಲಿಲ್ಲ, ಕಲ್ಲು ಆರಿಸುತ್ತಲೇ ಇತ್ತು. ಆಮೇಲೆ ತಲೆ ತಗ್ಗಿಸಿ, ಮೊರಕ್ಕೆ ಹೇಳುವ ಹಾಗೆ, "ಭಾನುವಾರ ಬರಬೇಡಿ. ಎಲ್ಲರೂ ಇರ್ತಾರೆ" ಎಂದರು. ಮರುಕ್ಷಣ ದನಿ ಎತ್ತಿ, ಒಳಗಿನವರಿಗೆ ಕೇಳಲಿ ಅಂತ, "ಪಾಲಿಸಿ ಗೀಲಿಸಿ ಏನೂ ಬೇಡ ನಮಗೆ, ಹೋಗಿ" ಎಂದರು.

ನಾನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದ್ದು: ಬರಬೇಡಿ ಅನ್ನುತ್ತಿದ್ದಾರೆ.

ಕುರ್ಲಾ ಸ್ಟೇಷನ್ ಬಂದಾಗ ಥಟ್ಟಂತ ಹೊಳೆಯಿತು. ಅವರು ಬರಬೇಡಿ ಅಂದಿರಲಿಲ್ಲ, ಭಾನುವಾರ ಬರಬೇಡಿ ಅಂದಿದ್ದರು. ಒಂದೇ ಒಂದು ಪದ ನುಂಗಿಬಿಟ್ಟಿದ್ದೆ. ರಾತ್ರಿ ಅವಳ ಹೋಟೆಲಿಗೆ ಫೋನ್ ಮಾಡಿ ಹೇಳಿದೆ, ಬಹಳ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಬೆಳಗಿನ ಜಾವ ಅವಳ ವಿಮಾನ. ಎರಡು ವರ್ಷ ಹೊಸ ವರ್ಷದ ಕಾರ್ಡ್ ಕಳಿಸಿದಳು, ಮೂರನೇ ವರ್ಷ ಬರಲಿಲ್ಲ. ನನ್ನಂಥ ಮೂರನೆಯವರು ಹೋಗಬಾರದು ಅನ್ನೋ ನಿಯಮ ಓದಿದಾಗಲೆಲ್ಲ, ಸರಿಯಾಗೇ ಬರೆದಿದ್ದಾರೆ ಅನಿಸುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಕಾಗದದ ಕೊನೆಯ ಎರಡು ಸಾಲು ಓದಿದಾಗ ನನಗೆ ಆ ಮೊರ ನೆನಪಾಯಿತು. ಉತ್ತರ ಪತ್ರಿಕೆಯಲ್ಲೇ ಕೊಡಿ, ಮನೆಗೆ ಕಾಗದ ಬೇಡ, ಫೋನೂ ಬೇಡ. ರಿಜಿಸ್ಟರ್ ಇದೆಯಾ ಅಂತ ಕೇಳಿದ್ದೀರಿ, ಆದರೆ ಅದರಲ್ಲಿ ಬರೆಸಬೇಕಾದ್ದನ್ನು ಆಗಲೇ ಬರೆದುಬಿಟ್ಟಿದ್ದೀರಿ. ಐರ್ಲೆಂಡಿನಲ್ಲಿ 2022ರ ಕಾನೂನು ಬಂದಾಗ ಹೊಸದಾಗಿ ಇಂಥ ರಿಜಿಸ್ಟರ್ ತೆರೆದರು, ಅದರ ಹೆಸರೇ ಸಂಪರ್ಕದ ಇಚ್ಛೆಯ ರಿಜಿಸ್ಟರ್. ಅಲ್ಲಿ ದತ್ತು ಹೋದವರಿಗೆ ತಮ್ಮ ಜನನ ಪತ್ರ ಪಡೆಯುವುದು ಹಕ್ಕು. ತಾಯಿ ಸಂಪರ್ಕ ಬೇಡ ಎಂದು ಬರೆಸಿದ್ದರೂ ಪತ್ರ ಕೊಡುತ್ತಾರೆ, ಆದರೆ ಅದಕ್ಕೆ ಮೊದಲು ಫೋನಿನಲ್ಲಿ ಮಾತಾಡಿ ಅವಳ ಇಚ್ಛೆ ಏನು ಅಂತ ತಿಳಿಸುತ್ತಾರೆ. ಹೆಸರು ತಿಳಿಯುವುದು ಬೇರೆ, ಬಾಗಿಲು ತಟ್ಟುವುದು ಬೇರೆ. ನಮ್ಮಲ್ಲಿ ಇವೆರಡನ್ನೂ ಒಂದೇ ಗಂಟು ಕಟ್ಟಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ಊರಿನ ಮೇಳ ಬಂದು ಕರ್ಣಪರ್ವ ಆಡಿದರೆ ಇಡೀ ಸಭಾಗೃಹ ಕರ್ಣನಿಗಾಗಿ ಕಣ್ಣೊರೆಸಿಕೊಳ್ಳುತ್ತದೆ, ಕುಂತಿಗೆ ಯಾವ ಹೊತ್ತು ಅನುಕೂಲ ಅಂತ ಕೇಳಿದವರು ಯಾರೂ ಇಲ್ಲ. ಇರಲಿ, ಅದು ಬೇರೆ ಹರಟೆ.

ನೀವು ಈಗ ಮಾಡಬಹುದಾದದ್ದು ಇಷ್ಟು. ಆ ಸಂಸ್ಥೆ ಇನ್ನೂ ಇದ್ದರೆ ಅವರಿಗೆ ಒಂದು ಕಾಗದ ಬರೆಯಿರಿ, ನಿಮ್ಮ ಫೈಲಿನಲ್ಲಿ ಸೇರಿಸಿ ಇಡಲು ಕೇಳಿ. ಮುಚ್ಚಿದ್ದರೆ ಪುಣೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ದಾಖಲೆ ಎಲ್ಲಿಗೆ ಹೋಯಿತು ಅಂತ ವಿಚಾರಿಸಬೇಕು. ಮುಟ್ಟಿದ ಬಗ್ಗೆ ಸಹಿ, ಸಿಕ್ಕಾ, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಇದು ಕಾನೂನಿನ ರಿಜಿಸ್ಟರ್ ಅಲ್ಲ, ಫೈಲಿಗೆ ಸೇರಿದ ಒಂದು ಹಾಳೆ ಅಷ್ಟೆ. ಅವನು ಬರದೇ ಇದ್ದರೆ ಅದನ್ನು ಯಾರೂ ತೆಗೆದು ನೋಡಲ್ಲ. ಬಂದರೆ, ಇನ್ಯಾರೋ ಬರೆದ ಆ ಒಂದು ಸಾಲಿನ ಜೊತೆ ನಿಮ್ಮದೂ ಇರುತ್ತದೆ.

ಏನು ಬರೆಯಬೇಕು? ಯಾಕೆ ಕೊಡಬೇಕಾಯಿತು ಅನ್ನುವುದನ್ನು ನಿಮ್ಮ ಮಾತಿನಲ್ಲಿ, ನಾಲ್ಕೇ ಸಾಲು ಆದರೂ ಸಾಕು. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಯಾರಿಗಿತ್ತು, ಎಷ್ಟನೇ ವಯಸ್ಸಿಗೆ ಬಂತು. ಅವನಿಗೂ ಈಗ ಮೂವತ್ತೈದು ದಾಟಿದೆ, ಡಾಕ್ಟರು ಕೇಳುವ ಪ್ರಶ್ನೆಗಳೇ ಇವು. ಆಮೇಲೆ ಹೇಗೆ ಸಂಪರ್ಕಿಸಬೇಕು, ಹೇಗೆ ಬೇಡ ಅನ್ನುವುದು ಸ್ಪಷ್ಟವಾಗಿರಲಿ. ಕಾಗದ ಆಗಬಹುದಾದರೆ ಯಾವ ವಿಳಾಸಕ್ಕೆ? ನಂಬಿಕೆಯ ಗೆಳತಿಯ ಕೇರಾಫ್ ಕೊಡಬಹುದು, ಪೋಸ್ಟ್ ಆಫೀಸಿನಲ್ಲಿ ಬಾಕ್ಸ್ ತೆಗೆದುಕೊಳ್ಳಬಹುದು. ನಮ್ಮ ಕಚೇರಿಯ ವಿಳಾಸ ಕೊಡಿ ಅಂತ ಬರೆಯಲು ಹೊರಟೆ, ಕೈ ತಡೆಯಿತು. ಕಾಗದದ ರೇಟು ನೋಡಿದರೆ ಪತ್ರಿಕೆ ಎಷ್ಟು ದಿನ ಇರುತ್ತೋ ನನಗೇ ಗೊತ್ತಿಲ್ಲ. ವಿಳಾಸ ಬದಲಾದರೆ, ಮನಸ್ಸು ಬದಲಾದರೂ, ಹೊಸ ಹಾಳೆ ಬರೆದು ಕೊಡಿ.

ಇನ್ನೊಂದು ಹೇಳಲೇಬೇಕು, ಹೆದರಿಸಲು ಅಲ್ಲ. ಹೊರದೇಶಗಳಲ್ಲಿ ಈಗ ಜನ ಸುಮ್ನೆ ಕುತೂಹಲಕ್ಕೆ ಕೊಳವೆಗೆ ಉಗುಳು ಹಾಕಿ ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಾರೆ. ಲಂಡನ್ನಿನಲ್ಲಿರುವ ನಿಮ್ಮ ಅಕ್ಕನ ಮಗ ಒಂದು ದಿನ ಕಳಿಸಿದ ಅಂತಿಟ್ಟುಕೊಳ್ಳಿ, ನಿಮ್ಮ ಮಗನೂ ಎಲ್ಲಿಂದಲೋ ಅದೇ ಕಂಪನಿಗೆ ಕಳಿಸಿದ್ದರೆ ಇಬ್ಬರೂ ರಕ್ತಸಂಬಂಧಿಗಳು ಅಂತ ಇಬ್ಬರಿಗೂ ತೋರಿಸಬಹುದು. ಆಗ ಯಾವ ಫೈಲೂ ಯಾವ ನಿಯಮವೂ ನಡುವೆ ಇರುವುದಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ನೀವೇ ಮೊದಲು ಹೇಳಿಟ್ಟಿರುವುದು ಒಳ್ಳೆಯದಾ ಅಂತ ಯೋಚಿಸಿ. ಯಾರಿಗೆ, ಯಾವಾಗ ಅನ್ನುವುದು ನಿಮಗೆ ಬಿಟ್ಟಿದ್ದು, ಅದರಲ್ಲಿ ನಾನು ಮೂಗು ತೂರಿಸಲ್ಲ.

ಕಾಗದವನ್ನು ಕನ್ನಡದಲ್ಲೇ ಬರೆಯಿರಿ, ಜೊತೆಗೆ ಮರಾಠಿಯದೊಂದು ಪ್ರತಿ ಇದ್ದರೆ ಸಂಸ್ಥೆಯವರಿಗೆ ಅನುಕೂಲ. ಸಹಿ ಮಾತ್ರ ಮದುವೆಗೆ ಮೊದಲಿನ ಹೆಸರಿನಲ್ಲಿ, ಆಗ ಹಾಕಿದ ಹಾಗೇ ಕನ್ನಡದಲ್ಲಿ ಹಾಕಿ. ಹಳೆಯ ಫೈಲಿನ ಸಹಿಯ ಪಕ್ಕ ಇಟ್ಟು ನೋಡಲು ಅವರಿಗೆ ಇರುವುದು ಅದೊಂದೇ.