ದರಗಿಗೆ ಬೆಂಕಿ ಕೊಟ್ಟರೆ ತೇಗದ ಹುಳ ಸಾಯುತ್ತದೆಯೇ?

ಪ್ರಶ್ನೆ: ಸಾಗರದ ಹತ್ತಿರ ನಮಗೆ ಐದು ಎಕರೆ ಜಾಗವಿದೆ. ತೇಗ, ಮತ್ತಿ, ನಂದಿ ಮರಗಳ ಮಧ್ಯೆ ಲಂಟಾನ ತುಂಬಿಕೊಂಡಿದೆ. ಮಾರ್ಚ್‌ನಲ್ಲಿ ರಸ್ತೆ ಕಡೆಯಿಂದ ಬೆಂಕಿ ಬಿತ್ತು. ಜೂನ್‌ನಲ್ಲಿ ಹುಳ ತೇಗದ ಎಲೆಯನ್ನೆಲ್ಲ ತಿಂದು ದಪ್ಪ ನರ ಮಾತ್ರ ಉಳಿಸಿತು. ಔಷಧಿ ಹೊಡೆಯಬೇಕೇ? ಪ್ರತಿ ವರ್ಷ ನಾವೇ ದರಗು (ಉದುರಿದ ಒಣ ಎಲೆ) ಸುಟ್ಟರೆ ಹುಳವೂ ಸಾಯುತ್ತದೆ ಅಂತಾರೆ, ನಿಜವೇ?

ಉತ್ತರ: ದಯವಿಟ್ಟು ಸುಡಬೇಡಿ. ಮಳೆಗಾಲದ ಶುರುವಿನಲ್ಲಿ ನರ ಮಾತ್ರ ಬಿಟ್ಟು ತಿನ್ನುವುದು ಎಲೆ ತಿನ್ನುವ ಹುಳ. ಇದರ ಪತಂಗಗಳು ಗುಂಪಾಗಿ ಬೇರೆ ಕಡೆಯಿಂದ ಹಾರಿಬಂದು ಎಳೆ ಚಿಗುರಿನ ಮೇಲೆ ಮೊಟ್ಟೆ ಇಡುತ್ತವೆ, ಹಾಗಾಗಿ ಬೇಸಿಗೆಯಲ್ಲಿ ನಿಮ್ಮ ನೆಲ ಸುಟ್ಟು ಏನೂ ಉಪಯೋಗವಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಬಲೆಯ ಹಾಗೆ ಆದರೆ ಅದು ಬೇರೆ ಹುಳ, ಅದರಿಂದ ನಷ್ಟ ಕಡಿಮೆ.

ಎಳೆ ತೋಪಿನಲ್ಲಿ ಮೊದಲು ಹೇಳಿದ, ನರ ಮಾತ್ರ ಬಿಡುವ ಹುಳ ಬೆಳವಣಿಗೆಯ ಶೇ 44ರಷ್ಟನ್ನು ಕಸಿಯುತ್ತದೆ ಅಂತ ಕೇರಳದ ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಆದರೂ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಅಷ್ಟೆತ್ತರದ ಮರಕ್ಕೆ ವಿಷ ಹೊಡೆದರೆ ಹುಳ ತಿನ್ನುವ ಹಕ್ಕಿ, ಕಣಜಗಳಿಗೇ ಪೆಟ್ಟು ಜಾಸ್ತಿ. ಆ ದುಡ್ಡನ್ನು ಬೆಂಕಿ ಒಳಗೆ ಬರದಂತೆ ಅಂಚು ಗುಡಿಸುವ ಕೆಲಸಕ್ಕೆ ಹಾಕಿ.

ಜನವರಿಯಲ್ಲಿ ರಸ್ತೆ ಬದಿಯ ಉದ್ದಕ್ಕೂ 15ರಿಂದ 20 ಅಡಿ ದರಗು ಗುಡಿಸಿ, ಕೊಟ್ಟಿಗೆಗೋ ತೋಟಕ್ಕೋ ಸಾಗಿಸಿ. ಒಮ್ಮೆ ಗುಡಿಸಿ ಸುಮ್ನೆ ಕೂರಬೇಡಿ, ಫೆಬ್ರುವರಿ ಕಳೆದರೂ ತೇಗದ ಎಲೆ ಬೀಳುತ್ತಲೇ ಇರುತ್ತದೆ ಅಲ್ವಾ, ಮತ್ತೊಮ್ಮೆ ಗುಡಿಸಬೇಕು. ಒಳಗಿನ ದರಗು ಹಾಗೇ ಇರಲಿ, ಮತ್ತಿ ನಂದಿಯ ಸಸಿಗಳು ಏಳುವುದು ಅದರಡಿಯ ತೇವದಲ್ಲೇ. ನೀವೇ ವರ್ಷವರ್ಷ ಸುಟ್ಟರೆ ಮೊದಲು ಹೋಗುವುದು ಆ ಸಸಿಗಳು, ಖಾಲಿಯಾದ ಜಾಗಕ್ಕೆ ಬರುವುದು ಲಂಟಾನ.

ಈ ಲಂಟಾನ ಮರ ಹತ್ತಿದರೆ ನೆಲದ ಬೆಂಕಿಗೆ ಏಣಿ ಇಟ್ಟ ಹಾಗೆ. ಮೇಲಿಂದ ಸವರಿದರೆ ಇನ್ನೂ ಜೋರಾಗಿ ಚಿಗುರುತ್ತದೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಿದ್ದಾಗ ಬುಡ ಕೆದಕಿ, ಬೇರನ್ನು ಎರಡು-ಮೂರು ಇಂಚು ಕೆಳಗೆ ಕಡಿದು, ಬೇರು ಮೇಲಾಗುವಂತೆ ಮಗುಚಿ ಇಡಿ. ಕಾಯಿ ಕಟ್ಟುವ ಮೊದಲೇ ಮಾಡಿ.

ಇನ್ನು ಮಾರ್ಚ್‌ನಲ್ಲಿ ಬೆಂದ ಮರಗಳು. ಇಳಿಜಾರಿದ್ದರೆ ಬುಡದ ಮೇಲ್ಬದಿಯನ್ನೇ, ಅಂದರೆ ಏರಿನ ಕಡೆಯನ್ನೇ ನೋಡಿ. ದರಗು ಜಾರಿ ಬಂದು ಅಲ್ಲೇ ರಾಶಿ ಬೀಳುವುದರಿಂದ ಸುಡುವುದೂ ಅಲ್ಲೇ ಹೆಚ್ಚು. ಕತ್ತಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ತೊಗಟೆ ಬಿಟ್ಟಿದೆ, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರ ಕೊರೆಯುವ ಹುಳ ಹೊಕ್ಕಿದೆ. ಅಂಥ ಮರಕ್ಕೆ ಗುರುತು ಹಾಕಿಡಿ, ಕಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಉಳಿದ ಮರಗಳ ಮೇಲ್ಬದಿಯ ರಾಶಿಯನ್ನು ಜನವರಿಯಲ್ಲೇ ಎಳೆದು ಹಾಕಿ.