ಸಂಬಳ ಎಷ್ಟು ಬೇಕು ಅಂತ ಕೇಳಿದರೆ ಏನು ಹೇಳುವುದು?

ತಂಗಿ, ಮೊದಲು ಅಭಿನಂದನೆ. ಪ್ರಾಕ್ಟಿಕಲ್ ನರ್ಸಿಂಗ್ ಡಿಪ್ಲೊಮಾ ಮುಗಿಸಿ ರೆಕ್ಸ್-ಪಿಎನ್ ಅನ್ನುವ ಲೈಸೆನ್ಸ್ ಪರೀಕ್ಷೆ ಕೂಡ ಪಾಸ್ ಮಾಡಿದ್ದೀರಿ. ನಮ್ಮ ಕಾಲಕ್ಕೆ ಪರೀಕ್ಷೆ ಬೇರೆ ಇತ್ತು, ಕೆನಡಾದ ಈ ಒಂಟಾರಿಯೋದಲ್ಲಿ ಇದು ಬಂದದ್ದು 2022ರಲ್ಲಿ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಲಾಂಗ್ ಟರ್ಮ್ ಕೇರ್ ಹೋಮ್‌ನಿಂದಲೂ ಒಂದು ರಿಟೈರ್‌ಮೆಂಟ್ ಹೋಮ್‌ನಿಂದಲೂ ಕರೆ ಬಂದಿದೆ, ಎಚ್‌ಆರ್‌ನವರು ಸಂಬಳದ ನಿರೀಕ್ಷೆ ಕೇಳಿದರೆ ಏನು ಹೇಳಲಿ, ಮಂಗಳೂರಿನಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದಾ, ಮನೆ ಎಲ್ಲಿ ನೋಡಲಿ ಅಂತ ಕೇಳಿದ್ದೀರಿ. ಮನೆ ವಿಷಯ ನಿಮ್ಮ ಕ್ಲಾಸಿನವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಭಾನುವಾರ ಬೆಳಗ್ಗೆ ಏಳರ ಶಿಫ್ಟಿಗೆ ಬಸ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಮೀನು ಮಾರ್ಕೆಟ್‌ನಲ್ಲಿ ಬಂಗುಡೆಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ನಾವು, ಸಂಬಳದ ಮಾತು ಬಂದರೆ "ನೀವು ಕೊಟ್ಟಷ್ಟು ಕೊಡಿ" ಅನ್ನುತ್ತೇವೆ. ಇಲ್ಲಿ ಹಾಗೆ ಹೇಳಬೇಡಿ, ಅವರು ಅದನ್ನು ವಿನಯ ಅಂದುಕೊಳ್ಳುವುದಿಲ್ಲ, ಕೊಟ್ಟಷ್ಟೇ ಕೊಡುತ್ತಾರೆ.

ಮೊದಲು ಆ ಜಾಗದಲ್ಲಿ ಯೂನಿಯನ್ ಇದೆಯಾ ತಿಳಿದುಕೊಳ್ಳಿ. ಇದ್ದರೆ ಗಂಟೆಯ ಸಂಬಳ ಒಪ್ಪಂದದಲ್ಲೇ ಅನುಭವದ ಪ್ರಕಾರ ಸ್ಟೆಪ್ ಸ್ಟೆಪ್ಪಾಗಿ ಬರೆದಿರುತ್ತದೆ, ಎಚ್‌ಆರ್ ಮನಸ್ಸು ಮಾಡಿದರೂ ಐವತ್ತು ಸೆಂಟ್ ಜಾಸ್ತಿ ಮಾಡಲಿಕ್ಕೆ ಆಗುವುದಿಲ್ಲ. ಅಲ್ಲಿ ಕೇಳಬೇಕಾದ್ದು "ಎಷ್ಟು ಕೊಡುತ್ತೀರಿ" ಅಂತ ಅಲ್ಲ, "ಯಾವ ಸ್ಟೆಪ್‌ನಲ್ಲಿ ಹಾಕುತ್ತೀರಿ" ಅಂತ. ಯೂನಿಯನ್ ಇಲ್ಲದ ರಿಟೈರ್‌ಮೆಂಟ್ ಹೋಮು, ಕ್ಲಿನಿಕ್ಕು, ಇಂಥ ಕಡೆ ಮಾತಾಡಲಿಕ್ಕೆ ಜಾಗ ಇದೆ. 2026ರ ಜನವರಿ 1ರಿಂದ ಒಂಟಾರಿಯೋದಲ್ಲಿ 25 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಜಾಹೀರಾತಿನಲ್ಲೇ ಸಂಬಳ ಎಷ್ಟರಿಂದ ಎಷ್ಟು ಅಂತ ಹಾಕಬೇಕು, ಕೆನಡಾದ ಅನುಭವ ಬೇಕು ಅಂತ ಬರೆಯುವ ಹಾಗೂ ಇಲ್ಲ. ನಮಗೆ ಈ ಭಾಗ್ಯ ಇರಲಿಲ್ಲ. ಆ ಜಾಹೀರಾತನ್ನು ಉಳಿಸಿಟ್ಟುಕೊಳ್ಳಿ, ಅದರಲ್ಲಿರುವ ಜಾಸ್ತಿ ಅಂಕಿಯಿಂದ ಮಾತು ಶುರು ಮಾಡಿ, ಆಮೇಲೆ ಸುಮ್ನಿರಿ. ಮೌನ ತಡೆಯಲಾರದೆ ನಾವೇ ಇಳಿಸಿಬಿಡುತ್ತೇವೆ, ಅಲ್ವಾ?

ಇನ್ನು ನಿಮ್ಮ ಮಂಗಳೂರಿನ ಕೆಲಸ. ಇದನ್ನೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ನಾನು ಬಂದಾಗ ಕೈಯಲ್ಲಿ ಊರಿನ ಆಸ್ಪತ್ರೆಯ ಎಕ್ಸ್‌ಪೀರಿಯನ್ಸ್ ಲೆಟರ್ ಇತ್ತು. ಮೂರು ಸಾಲು. ಇಂಥ ದಿನದಿಂದ ಇಂಥ ದಿನದವರೆಗೆ ಸ್ಟಾಫ್ ನರ್ಸ್, ನಡತೆ ಉತ್ತಮ, ಭವಿಷ್ಯಕ್ಕೆ ಶುಭವಾಗಲಿ. ಕೆಳಗೆ ನೇರಳೆ ಸೀಲು. ಫುಲ್ ಟೈಮಾ, ವಾರಕ್ಕೆ ಎಷ್ಟು ಗಂಟೆ, ಯಾವ ವಾರ್ಡು, ಒಂದೂ ಇಲ್ಲ. ಇಲ್ಲಿಯವರಿಗೆ ಬೇಕಾದದ್ದು ಅದೇ. ಊರಿಗೆ ಫೋನ್ ಮಾಡಿದರೆ, ಬಾಂಡ್ ಮುಗಿಯುವ ಮೊದಲೇ ಬಿಟ್ಟವರಿಗೆ ಇಷ್ಟೇ ಕೊಡುವುದು ಅಂದರು. ಬಾಂಡಿನ ದುಡ್ಡು ಕಟ್ಟಿ, ಒರಿಜಿನಲ್ ಸರ್ಟಿಫಿಕೇಟ್ ಬಿಡಿಸಿಕೊಂಡು ಬಂದವಳು ನಾನು! ಹಳೆ ಅನುಭವ ತೋರಿಸಲು ಇಲ್ಲಿಯ ಯೂನಿಯನ್ ಒಪ್ಪಂದದಲ್ಲಿ ಗಡುವು ಇತ್ತು, ಅದು ದಾಟಿತು. ಐಸಿಯುನಲ್ಲಿ ನಿದ್ದೆಗೆಟ್ಟ ರಾತ್ರಿಗಳೆಲ್ಲ ಸೊನ್ನೆ, ಮೊದಲ ಸ್ಟೆಪ್‌ನಿಂದ ಶುರು.

ಗಂಟೆಯ ಸಂಬಳವನ್ನು ರೂಪಾಯಿಗೆ ಗುಣಿಸಿ ಹೇಳಿದಾಗ ಅಮ್ಮ ಖುಷಿಪಟ್ಟರು. ನನಗಿಂತ ಚಿಕ್ಕ ಹುಡುಗಿ ಅದೇ ಫ್ಲೋರಿನಲ್ಲಿ ನನಗಿಂತ ಮೇಲಿದ್ದಾಳೆ ಅನ್ನುವುದನ್ನು ನಾನು ಹೇಳಲಿಲ್ಲ. ಆಮೇಲೆ ಒಂಟಾರಿಯೋ ಸರ್ಕಾರದ 2019ರ ಕಾನೂನು, ಬಿಲ್ 124 ಬಂತು, ವರ್ಷಕ್ಕೆ ಶೇ. 1ಕ್ಕಿಂತ ಜಾಸ್ತಿ ಸಂಬಳ ಏರಿಸುವ ಹಾಗಿಲ್ಲ ಅಂತ. 2022ರ ನವೆಂಬರ್‌ನಲ್ಲಿ ಕೋರ್ಟು ಅದನ್ನು ರದ್ದು ಮಾಡಿತು ಅನ್ನಿ. ಆದರೆ ಏರಿಕೆ ಅಷ್ಟು ಸಣ್ಣದಿದ್ದಾಗ, ಶುರುವಿನಲ್ಲಿ ಕೆಳಗೆ ಕೂತವರು ಎಷ್ಟು ಕಾಲ ಕೆಳಗೇ ಇರುತ್ತಾರೆ ಅಂತ ನಾನು ಪೇ ಸ್ಟಬ್ ನೋಡಿ ನೋಡಿ ಕಲಿತೆ.

ಊರಿನ ಅನುಭವವನ್ನು ಎಷ್ಟು ಎಣಿಸುತ್ತಾರೆ ಅನ್ನುವುದು ಒಂದೊಂದು ಒಪ್ಪಂದದಲ್ಲಿ ಒಂದೊಂದು ಥರ. ಒಪ್ಪಂದದ ಕಾಪಿ ಕೇಳಿ, ಓದಿ, ಸೇರುವ ದಿನವೇ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಬಾಯಿಮಾತು ಬೇಡ.

ಪಾರ್ಟ್ ಟೈಮ್ ಕೊಟ್ಟರೆ ಹೆದರಬೇಡಿ, ಹೊಸಬರಿಗೆ ಹೆಚ್ಚಾಗಿ ಅದೇ ಸಿಗುವುದು. ಬೆನಿಫಿಟ್ಸ್ ಬದಲು ಸಂಬಳಕ್ಕೆ ಎಷ್ಟು ಪರ್ಸೆಂಟ್ ಸೇರಿಸುತ್ತಾರೆ, ಎರಡು ವಾರಕ್ಕೆ ಕನಿಷ್ಠ ಎಷ್ಟು ಗಂಟೆ ಖಾತ್ರಿ, ರಾತ್ರಿ ಮತ್ತು ವೀಕೆಂಡ್ ಪ್ರೀಮಿಯಂ ಎಷ್ಟು, ಇದನ್ನೆಲ್ಲ ಕೇಳಿ. ಹೂಪ್ (ಒಂಟಾರಿಯೋದ ಆರೋಗ್ಯ ಕ್ಷೇತ್ರದ ಕೆಲಸಗಾರರ ಪಿಂಚಣಿ ಯೋಜನೆ) ಇರುವ ಜಾಗವಾದರೆ ಗಂಟೆಗೆ ಸ್ವಲ್ಪ ಕಡಿಮೆಯಾದರೂ ನಾನಾದರೆ ಅಲ್ಲೇ ಹೋಗುತ್ತೇನೆ, ನಿಮ್ಮ ವಯಸ್ಸಿಗೆ ಪಿಂಚಣಿ ಮಾತು ಬೋರಾಗಬಹುದು.

ಕೆಲಸಕ್ಕೆ ಸಹಿ ಹಾಕುವ ಮೊದಲು ಊರಿನ ಅನುಭವದ ಲೆಟರ್ ಕೆಲಸ ಮುಗಿಸಿ. ಇಮೇಲ್‌ಗೆ ಉತ್ತರ ಬರುವುದಿಲ್ಲ ಅಂತ ನಿಮಗೂ ಗೊತ್ತು. ತಮ್ಮನನ್ನೋ ಚಿಕ್ಕಪ್ಪನನ್ನೋ ಆಸ್ಪತ್ರೆಗೇ ಕಳಿಸಿ. ಗಂಟೆ, ವಾರ್ಡು, ಫುಲ್ ಟೈಮ್ ಎಲ್ಲ ಇರುವ ಲೆಟರನ್ನು ನೀವೇ ಟೈಪ್ ಮಾಡಿ ಕೊಡಿ, ಅವರು ದಾಖಲೆ ನೋಡಿ ಲೆಟರ್‌ಹೆಡ್‌ನಲ್ಲಿ ಹಾಕಿದರೆ ಸಾಕು. ಹನ್ನೊಂದರ ಮೇಲೆ ಹೋಗಲು ಹೇಳಿ, ಅಷ್ಟೊತ್ತಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ರೌಂಡ್ಸ್ ಮುಗಿಸಿ ಕೂತಿರುತ್ತಾರೆ.