2000 ವ್ಯಾಟಿನ ಹೇರ್ ಡ್ರೈಯರ್ ತಗೊಂಡರೆ ಒರಟು ಕೂದಲು ಸರಿಹೋಗುತ್ತಾ?

ನಿಮ್ಮ ಕೂದಲು ತೆಳು, ವಾರಕ್ಕೆ ಮೂರು ಸಲ ಸ್ಟ್ರೈಟ್ನರ್ ಹಾಕುತ್ತೀರಿ, ತುದಿಗಳು ಒರಟಾಗಿವೆ, ಅದಕ್ಕೇ ಜಾಸ್ತಿ ವ್ಯಾಟಿನ ಡ್ರೈಯರ್ ತಗೊಳ್ಳಲಾ ಅಂತ ಕೇಳಿದ್ದೀರಿ. "ಸ್ವಲ್ಪ ತೇವ ಇರುವಾಗಲೇ ಸ್ಟ್ರೈಟ್ನರ್ ಎಳೆದುಬಿಡುತ್ತೇನೆ" ಅಂತಲೂ ಬರೆದಿದ್ದೀರಲ್ಲ, ಆ ಸಾಲು ಓದಿ ಸುಮ್ನೆ ಇರಲು ಆಗಲಿಲ್ಲ.

ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಬೆಳಿಗ್ಗೆ ಅವಸರ. ಪ್ಲೇಟುಗಳ ನಡುವೆ ಕೂದಲಿಟ್ಟು ಒತ್ತಿದರೆ ಚುಯ್ ಅನ್ನುತ್ತಿತ್ತು, ಹಬೆ ಏಳುತ್ತಿತ್ತು. ಬಿಸಿ ಚೆನ್ನಾಗಿ ಹತ್ತುತ್ತಿದೆ ಅಂದುಕೊಂಡಿದ್ದೆ. ಒಂದು ದಿನ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬುಡಸಮೇತ ಉದುರಿದ್ದಲ್ಲ, ನಡುವೆ ತುಂಡಾದದ್ದು. ಅಲ್ಲಲ್ಲಿ ಬಿಳಿ ಚುಕ್ಕೆ. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಆ ಚುಕ್ಕೆಯ ಹತ್ತಿರವೇ ಪಟ್ಟನೆ ಮುರಿಯಿತು.

ಆಗುವುದು ಇಷ್ಟೇ. ಒದ್ದೆ ಕೂದಲಿನ ಒಳಗೂ ನೀರಿರುತ್ತದೆ. 180 ಡಿಗ್ರಿಯ ಪ್ಲೇಟು ತಾಗಿದಾಗ ಆ ನೀರು ಅಲ್ಲೇ ಕುದಿದು ಹಬೆಯಾಗುತ್ತದೆ. ಹೊರಬರಲು ದಾರಿಯಿಲ್ಲದೆ ಕೂದಲೊಳಗೇ ಗುಳ್ಳೆ ಏಳುತ್ತದೆ. ಚರ್ಮದ ಡಾಕ್ಟರುಗಳು ಇದನ್ನು 'ಬಬಲ್ ಹೇರ್' ಅನ್ನುತ್ತಾರೆ. ಯಾವ ಸೀರಮ್ಮೂ ಆ ಗುಳ್ಳೆ ಮುಚ್ಚುವುದಿಲ್ಲ. ಹಾಳಾದಷ್ಟು ಕತ್ತರಿಸಿ, ಹೊಸದು ಬೆಳೆಯಲು ಬಿಡಬೇಕು.

ಹಾಗಾಗಿ ಡ್ರೈಯರ್ ನಿಮಗೆ ಬೇಕೇ ಬೇಕು, ಸ್ಟ್ರೈಟ್ನರ್ ಹಿಡಿಯುವ ಮೊದಲು ಪೂರ್ತಿ ಒಣಗಿಸಲು. ವ್ಯಾಟ್ ಜಾಸ್ತಿ ಇದ್ದರೆ ಬೇಗ ಒಣಗಬಹುದು, ಆದರೆ ನಾನಾದರೆ ಮೊದಲು ನೋಡುವುದು ಸ್ವಿಚ್ಚುಗಳನ್ನು. ಬಿಸಿಗೆ ಒಂದು, ಗಾಳಿಯ ವೇಗಕ್ಕೆ ಇನ್ನೊಂದು ಬೇರೆಬೇರೆ ಇರಬೇಕು. ತೆಳು ಕೂದಲಿಗೆ ಗಾಳಿ ಜೋರಾಗಿ, ಬಿಸಿ ಕಡಿಮೆ ಬೇಕು. ಒಂದೇ ಸ್ವಿಚ್ಚಿದ್ದರೆ ವೇಗದ ಜೊತೆ ಬಿಸಿಯೂ ಏರುತ್ತದೆ. ತಣ್ಣನೆ ಗಾಳಿಯ ಬಟನ್ನೂ ಇರಲಿ. ಬಿಸಿಯಲ್ಲಿ ಮೆತ್ತಗಾದ ಕೂದಲು ತಣ್ಣಗಾಗುವಾಗ ಯಾವ ಆಕಾರದಲ್ಲಿರುತ್ತದೋ ಅದೇ ನಿಲ್ಲುತ್ತದೆ, ಕೊನೆಗೆ ಅರ್ಧ ನಿಮಿಷ ಆ ಬಟನ್ ಒತ್ತಿದರೂ ಸಾಕು. ಅಯಾನಿಕ್ (ಗಾಳಿಯ ಜೊತೆ ವಿದ್ಯುದಂಶದ ಸಣ್ಣ ಕಣಗಳನ್ನೂ ಬಿಡುವಂಥದ್ದು) ಅಂತ ಬರೆದಿದ್ದರೆ ಕೂದಲು ಗಾಳಿಗೆ ಎದ್ದು ನಿಲ್ಲುವುದು ಕಡಿಮೆಯಾಗಬಹುದು, ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡಬೇಡಿ. ಕೈಗೆತ್ತಿಕೊಂಡು ತೂಕ ನೋಡಿ. ಹತ್ತು ನಿಮಿಷ ತಲೆಯ ಮೇಲೆ ಹಿಡಿಯಬೇಕಲ್ವಾ?

ಬಳಸುವಾಗ ದೂರ ಮುಖ್ಯ. ಡ್ರೈಯರ್ ಬಗ್ಗೆ ನಡೆದ ಒಂದು ಪ್ರಯೋಗದಲ್ಲಿ 15 ಸೆಂಟಿಮೀಟರ್ ದೂರದಲ್ಲಿ ಬಿಸಿ ಸುಮಾರು 47 ಡಿಗ್ರಿ ಇತ್ತು, 5 ಸೆಂಟಿಮೀಟರ್‌ನಲ್ಲಿ ಸುಮಾರು 95! ಅಂಗೈ ಅಗಲಿಸಿದರೆ ಹೆಬ್ಬೆರಳಿಂದ ಕಿರುಬೆರಳಿನವರೆಗೆ ಎಷ್ಟಾಗುತ್ತದೋ ಅಷ್ಟು ದೂರ ಹಿಡಿಯಿರಿ. ಒಂದೇ ಕಡೆ ನಿಲ್ಲಿಸದೆ ಕೈ ಆಡಿಸುತ್ತಿರಿ, ಗಾಳಿ ಬುಡದಿಂದ ತುದಿಯ ಕಡೆಗೆ ಹೋಗಲಿ. ಮೊದಲು ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಹಿಂಬದಿಯ ಜಾಲರಿಯಲ್ಲಿ ಧೂಳು ಕಟ್ಟಿಕೊಂಡರೆ ಡ್ರೈಯರ್ ಕಾದು ನಡುವೆ ನಿಂತುಬಿಡುತ್ತದೆ. ಪ್ಲಗ್ ತೆಗೆದು ಹಳೆ ಬ್ರಷ್ಷಿನಲ್ಲಿ ಉಜ್ಜಿದರೆ ಆಯಿತು.

ಸ್ಟ್ರೈಟ್ನರ್ ಬಿಡಲೇಬೇಕು ಅಂತಲ್ಲ. ಒಣ ಕೂದಲಿಗೆ, 150 ಡಿಗ್ರಿಯ ಒಳಗೆ, ಒಂದು ಎಳೆಗೆ ಒಂದೇ ಸಲ. ನಿಮ್ಮದರಲ್ಲಿ ಡಿಗ್ರಿಯ ಅಂಕಿ ಕಾಣುತ್ತಾ? ಬರೀ ಆನ್-ಆಫ್ ಇದ್ದರೆ ಡ್ರೈಯರ್‌ಗಿಂತ ಮೊದಲು ಅದನ್ನೇ ಬದಲಾಯಿಸಿ.